ಚುನಾವಣಾ ಜಾಹೀರಾತು ಯಾರದು, ಯಾರಿಗೆ? ಮೆಟಾಗೆ ಮೂರು ಸ್ಟಾರ್, ಗೂಗಲ್‌ಗೆ ಮೂರೂವರೆ

ತೀರ್ಥಹಳ್ಳಿಯವರ ಫೋನಿಗೆ ಅಡಿಕೆ ಎಲೆಚುಕ್ಕೆ ರೋಗದ ಮಾತು, ಭದ್ರಾವತಿಯವರಿಗೆ ಅದೇ ಪಕ್ಷದಿಂದ ಕಾರ್ಖಾನೆ ಮಾತು. ಹೀಗೆ ಊರು ನೋಡಿ ಜಾಹೀರಾತು ಬಿಡೋದು ಈಗ ಸುಲಭ. ದುಡ್ಡು ಕೊಟ್ಟವರು ಯಾರು ಅಂತ ನಾವೇ ಹುಡುಕೋಕೆ ಎರಡು ಜಾಗ ಇವೆ, ಎರಡೂ ಉಚಿತ.

ಮೊದಲನೆಯದು ಫೇಸ್‌ಬುಕ್, ಇನ್‌ಸ್ಟಾಗ್ರಾಂ ನಡೆಸುವ ಮೆಟಾ ಕಂಪನಿಯ ಆಡ್ ಲೈಬ್ರರಿ, ಅಂದರೆ ಜಾಹೀರಾತುಗಳ ಸಂಗ್ರಹ. ಇದಕ್ಕೆ ಫೇಸ್‌ಬುಕ್ ಖಾತೆಯೂ ಬೇಕಿಲ್ಲ. ಭಾರತ ಆರಿಸಿ, ರಾಜಕೀಯ ವಿಭಾಗಕ್ಕೆ ಹೋಗಿ 'ಅಡಿಕೆ' ಅಂತ ಹಾಕಿ. ಇಂಗ್ಲಿಷ್ ಅಕ್ಷರದಲ್ಲೂ ಒಮ್ಮೆ ಹಾಕಿ. ದುಡ್ಡು ಕೊಟ್ಟವರ ಹೆಸರು, ಅಂದಾಜು ಖರ್ಚು, ನೋಡಿದವರ ವಯಸ್ಸು, ಗಂಡಸರೆಷ್ಟು ಹೆಂಗಸರೆಷ್ಟು ಎಲ್ಲ ಬರುತ್ತದೆ. ಏಳು ವರ್ಷ ಇಟ್ಟಿರುತ್ತಾರೆ, ಹಾಗಾಗಿ 2023ರ ವಿಧಾನಸಭೆ ಚುನಾವಣೆಯಲ್ಲಿ ಕೊಟ್ಟ ಆಶ್ವಾಸನೆಗಳನ್ನು ಈಗಲೂ ತೆಗೆದು ನೋಡಬಹುದು. ಇದು ನಂಗೆ ತುಂಬಾ ಇಷ್ಟ.

ಆದರೆ ಒಂದೊಂದು ಜಾಹೀರಾತಿನ ಕೆಳಗೆ ಸಿಗೋದು ರಾಜ್ಯದ ಲೆಕ್ಕ ಮಾತ್ರ. ಕರ್ನಾಟಕ ಅಂದರೆ ಬೀದರೂ ಬಂತು, ಆಗುಂಬೆಯೂ ಬಂತು, ಅಲ್ವಾ? 2022ರಿಂದ ಯಾವ ಪೇಜ್ ಯಾರನ್ನು ಗುರಿ ಮಾಡಿದೆ ಅಂತ ತೋರಿಸುತ್ತಿದ್ದಾರೆ, ಅದೂ ಎಲ್ಲ ಜಾಹೀರಾತು ಕಲಸಿದ ಒಟ್ಟು ಲೆಕ್ಕ.

ಗೂಗಲ್‌ನ ಆಡ್ಸ್ ಟ್ರಾನ್ಸ್‌ಪರೆನ್ಸಿ ಸೆಂಟರ್ ಇದರಲ್ಲಿ ವಾಸಿ. ಚುನಾವಣಾ ಜಾಹೀರಾತನ್ನು ವಯಸ್ಸು, ಲಿಂಗ, ಪಿನ್‌ಕೋಡ್‌ವರೆಗಿನ ಜಾಗ, ಜೊತೆಗೆ ನೋಡುತ್ತಿರುವ ಪುಟದ ವಿಷಯ, ಇಷ್ಟರ ಮೇಲೆ ಮಾತ್ರ ಬಿಡಬಹುದು ಅನ್ನೋ ನಿಯಮವನ್ನು 2020ರಲ್ಲೇ ತಂದರು. ಯಾವ ಜಾಗ ಸೇರಿಸಿದ್ದಾರೆ, ಯಾವುದನ್ನು ಬಿಟ್ಟಿದ್ದಾರೆ ಅನ್ನೋದೂ ಕಾಣುತ್ತದೆ. ಬಿಟ್ಟ ಜಾಗದ ಪಟ್ಟಿಯನ್ನೇ ನಾನು ಮೊದಲು ನೋಡೋದು. ತೊಡಕು ಏನಂದರೆ, ಭಾರತದಲ್ಲಿ ಇವರ ಲೆಕ್ಕಕ್ಕೆ ಬರೋದು ಪಕ್ಷ, ಅಭ್ಯರ್ಥಿ, ಹಾಲಿ ಶಾಸಕರು, ಸಂಸದರ ಜಾಹೀರಾತು. ಕಸ್ತೂರಿರಂಗನ್ ವರದಿ, ಶರಾವತಿ ಮುಳುಗಡೆ ಅಂತ ಯಾವುದೋ ವೇದಿಕೆ ಹೆಸರಲ್ಲಿ, ಯಾವ ಪಕ್ಷದ ಹೆಸರೂ ಎತ್ತದೆ ಜಾಹೀರಾತು ಬಂದರೆ ಅದು ಈ ಪಟ್ಟಿಯಲ್ಲಿ ಇರೋದಿಲ್ಲ. ಮೆಟಾ ಸಾಮಾಜಿಕ ವಿಷಯವನ್ನೂ ಸೇರಿಸುತ್ತದೆ, ಈ ಒಂದು ವಿಷಯದಲ್ಲಿ ಮೆಟಾಗೇ ಜಾಸ್ತಿ ಅಂಕ.

ವಾಟ್ಸಾಪ್ ಫಾರ್ವರ್ಡ್, ಊರಿನ ರೀಲ್ಸ್ ಪೇಜಿನವರಿಗೆ ನೇರವಾಗಿ ಕೈಗೆ ದುಡ್ಡು ಕೊಟ್ಟು ಮಾಡಿಸಿದ ಹೊಗಳಿಕೆ ವಿಡಿಯೋ ಎರಡರಲ್ಲೂ ಸಿಗೋದಿಲ್ಲ. ಯುರೋಪಿಯನ್ ಒಕ್ಕೂಟದಲ್ಲಿ ರಾಜಕೀಯ ಜಾಹೀರಾತಿನ ಮೇಲೆ ಬಿಗಿ ಕಾನೂನು ಬಂದಾಗ, 2025ರ ಅಕ್ಟೋಬರ್ ಹೊತ್ತಿಗೆ ಇಬ್ಬರೂ ಅಲ್ಲಿ ರಾಜಕೀಯ ಜಾಹೀರಾತನ್ನೇ ನಿಲ್ಲಿಸಿದರು. ಇನ್ನಷ್ಟು ವಿವರ ಬಿಚ್ಚಿಡೋದಕ್ಕಿಂತ ಅಂಗಡಿ ಮುಚ್ಚೋದೇ ಸಲೀಸು ಅನ್ನಿಸಿರಬೇಕು.

ಸದ್ಯಕ್ಕೆ ಗೂಗಲ್‌ನಲ್ಲಿ ಪಕ್ಷದ ಹೆಸರು ಹಾಕಿ, ಮೆಟಾದಲ್ಲಿ ವಿಷಯ ಹಾಕಿ ಹುಡುಕಿ. ಫೋನ್ ಬೇಡ, ಕಂಪ್ಯೂಟರ್‌ನಲ್ಲಿ ನೋಡಿ.