ಸೋಲುವ ತಂಡಕ್ಕೆ ಯಾವ ದಾರಿ: ಕ್ಯಾರೊಲೈನಾದ್ದೋ, ಹ್ಯೂಸ್ಟನ್ನಿನದೋ?

ಸೋತು ಸುಣ್ಣವಾದ ತಂಡಕ್ಕೆ ಮೊದಲು ಬೇಕಾದದ್ದು ಹೊಸ ಕೋಚ್ ಅಥವಾ ಹೊಸ ಕ್ವಾರ್ಟರ್‌ಬ್ಯಾಕ್ (ಚೆಂಡೆಸೆದು ದಾಳಿ ನಡೆಸುವ ಆಟಗಾರ) ಎಂದು ವಾದಿಸುವ ಅಭಿಮಾನಿಗಳು ಅಮೆರಿಕನ್ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ 2023ರ ಡ್ರಾಫ್ಟನ್ನು, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆಯನ್ನು, ಗಮನಿಸಬೇಕು. ಕ್ಯಾರೊಲೈನಾ ಪ್ಯಾಂಥರ್ಸ್ ತಂಡವು ಕ್ವಾರ್ಟರ್‌ಬ್ಯಾಕ್ ಬ್ರೈಸ್ ಯಂಗ್ ಅವರಿಗಾಗಿ, ಅಂದರೆ ಅವರನ್ನು ಆರಿಸಲು ಬೇಕಾದ ಮೊದಲ ಸರದಿಗಾಗಿ, ತನ್ನ ಉತ್ತಮ ರಿಸೀವರ್ ಡಿ.ಜೆ. ಮೂರ್ ಅವರನ್ನೂ 2024ರ ಮೊದಲ ಸುತ್ತಿನ ಆಯ್ಕೆಯನ್ನೂ ಶಿಕಾಗೊ ತಂಡಕ್ಕೆ ಬಿಟ್ಟುಕೊಟ್ಟಿತು. ಹೀಗೆ ಯಂಗ್ ಎಸೆದ ಚೆಂಡನ್ನು ನೆಚ್ಚಿ ಹಿಡಿಯಬಲ್ಲವರೇ ಕಡಿಮೆಯಾದರು, ಕೋಚ್ ಫ್ರಾಂಕ್ ರೈಕ್ 11 ಪಂದ್ಯಗಳಿಗೇ ವಜಾಗೊಂಡರು, ತಂಡ ಗೆದ್ದದ್ದು 17ರಲ್ಲಿ ಎರಡೇ ಪಂದ್ಯ. ಹ್ಯೂಸ್ಟನ್ ಟೆಕ್ಸನ್ಸ್ ಮಾತ್ರ ತನ್ನ ಎರಡನೇ ಸರದಿಯಲ್ಲೇ ಕ್ವಾರ್ಟರ್‌ಬ್ಯಾಕ್ ಸಿ.ಜೆ. ಸ್ಟ್ರೌಡ್ ಅವರನ್ನು ಆರಿಸಿ, ಭಾರಿ ಬೆಲೆ ತೆತ್ತು ಮೂರನೇ ಸರದಿಯಲ್ಲಿ ರಕ್ಷಣಾ ಆಟಗಾರ ವಿಲ್ ಆಂಡರ್ಸನ್ ಅವರನ್ನೂ ತಂದು, ಹೊಸ ಕೋಚ್ ಡಿಮೆಕೊ ರಯನ್ಸ್ ಅವರಡಿ 10 ಪಂದ್ಯ ಗೆದ್ದು ವಿಭಾಗದ ಅಗ್ರಸ್ಥಾನ ಪಡೆಯಿತು. ಯಂಗ್ ಅವರು ಮುಂದೆ ಕೋಚ್ ಡೇವ್ ಕನಾಲೆಸ್ ಅವರಡಿ ಚೇತರಿಸಿಕೊಂಡದ್ದರಿಂದ, ಕೊರತೆ ಇದ್ದದ್ದು ಅವರಲ್ಲಲ್ಲ, ಅವರ ಸುತ್ತಲಿನ ತಂಡದಲ್ಲಿ ಎನಿಸುತ್ತದೆ; ಹಾಗಾಗಿ ಕ್ವಾರ್ಟರ್‌ಬ್ಯಾಕ್ ಜೊತೆಗೆ ತಂಡವನ್ನೂ ಕಟ್ಟುವ ಹ್ಯೂಸ್ಟನ್ ದಾರಿಯನ್ನೇ ನಾನು ಆರಿಸುತ್ತೇನೆ.