ಸೈಕಲ್ ತೊಳೆಯಬೇಡಿ: ಕುವೆಂಪುನಗರದ ಒಂದು ರಿಪೇರಿ ಅಂಗಡಿ

ಇದು ಒಂದು ಸೈಕಲ್ ರಿಪೇರಿ ಅಂಗಡಿಯ ಬಗ್ಗೆ. ಮೈಸೂರಿನ ಕುವೆಂಪುನಗರದಲ್ಲಿ, ಮುಖ್ಯ ರಸ್ತೆಯಿಂದ ಸ್ವಲ್ಪ ಒಳಗೆ, ಹಿಟ್ಟಿನ ಗಿರಣಿಯ ಪಕ್ಕದಲ್ಲಿದೆ. ಹತ್ತಡಿ ಅಗಲ. ಬೋರ್ಡಿನ ಬಣ್ಣ ಹೋಗಿದೆ. ಯಜಮಾನರು ತಮ್ಮ ಹೆಸರಾಗಲಿ ಅಂಗಡಿ ಹೆಸರಾಗಲಿ ಹಾಕಬೇಡಿ ಅಂದಿದ್ದಾರೆ, ಇರುವ ಕೆಲಸವೇ ಕೈತುಂಬಾ ಇದೆಯಂತೆ. ಹಾಗಾಗಿ ಹೆಸರು ಬಿಟ್ಟಿದ್ದೇನೆ. ಆದರೆ ಬರೆಯದೆ ಇರಲು ಆಗುತ್ತಿಲ್ಲ. ಕಾರೊಂದು ನನಗೆ ಗುದ್ದಿ ಓಡಿಹೋದ ಮೇಲೆ ನಾನು ಏನು ಮಾಡಬೇಕು ಅಂತ ಮೊದಲು ಸರಿಯಾಗಿ ಹೇಳಿದವರು ಇವರೇ.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ವಯಸ್ಸು 46. ಮದುವೆಯಾದ ಮೇಲೆ ಸೈಕಲ್ ಮುಟ್ಟಿರಲಿಲ್ಲ. 2017ರಲ್ಲಿ ಮೈಸೂರಿಗೆ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಬಂತಲ್ಲ, ಆಗ ಮತ್ತೆ ಹತ್ತಿದೆ. ಎರಡು ವರ್ಷ ಬಿಟ್ಟು 22,000 ರೂಪಾಯಿ ಕೊಟ್ಟು ಸ್ವಂತಕ್ಕೆ ಒಂದು ಗೇರ್ ಸೈಕಲ್ ತಗೊಂಡೆ. ಅವತ್ತಿನಿಂದ ಸರ್ವಿಸ್ ಎಲ್ಲ ಇದೇ ಅಂಗಡಿಯಲ್ಲಿ.

ಕಳೆದ ಡಿಸೆಂಬರ್‌ನ ಒಂದು ಸೋಮವಾರ, ಬೆಳಗ್ಗೆ ಆರೂಕಾಲು. ರಿಂಗ್ ರೋಡಿನಲ್ಲಿ ಬೋಗಾದಿ ಕಡೆಯಿಂದ ಬರುತ್ತಿದ್ದೆ. ತೆಳುವಾಗಿ ಮಂಜು ಇತ್ತು. ಹೆಲ್ಮೆಟ್ ಇತ್ತು, ಹಿಂದೆ ಕೆಂಪು ದೀಪ ಉರಿಯುತ್ತಿತ್ತು. ಕಾರಿನ ಸದ್ದು ಕೇಳಿತು, ಬಲ ಮೊಣಕೈಗೆ ಏನೋ ಬಡಿಯಿತು, ಅಷ್ಟೆ. ಕಣ್ಣು ಬಿಟ್ಟಾಗ ರಸ್ತೆಯ ಎಡಗಡೆ ಮಣ್ಣಿನಲ್ಲಿದ್ದೆ. ಮುಂದೆ ಹೋದ ಕಾರು ಒಂದು ಕ್ಷಣ ನಿಧಾನವಾಯಿತು. ಬ್ರೇಕ್ ದೀಪ ಹತ್ತಿದ್ದನ್ನು ನೋಡಿದೆ. ನಿಲ್ಲಿಸುತ್ತಾರೆ ಅಂದುಕೊಂಡೆ. ದೀಪ ಆರಿತು, ಕಾರು ಹೊರಟುಹೋಯಿತು. ಮುರಿದ ಮೂಳೆಗಿಂತ ಜಾಸ್ತಿ ನೋವು ಕೊಟ್ಟಿದ್ದು ಅದು.

ವಾಕಿಂಗ್ ಬಂದಿದ್ದ ಹಿರಿಯರೊಬ್ಬರು ಓಡಿ ಬಂದರು. 112ಕ್ಕೆ ಅವರೇ ಫೋನ್ ಮಾಡಿದರು. ನಾನು ಬುದ್ಧಿವಂತಿಕೆಯಿಂದ ಮಾಡಿದ ಕೆಲಸ ಒಂದೇ. ಮೊಬೈಲ್ ತೆಗೆದು, ಕಂಡಿದ್ದನ್ನೆಲ್ಲ ಮಾತಿನಲ್ಲಿ ರೆಕಾರ್ಡ್ ಮಾಡಿಟ್ಟೆ: ಬೆಳ್ಳಿ ಬಣ್ಣ, ಸಣ್ಣ ಕಾರು, ನಂಬರಿನ ಕೊನೆಯ ಎರಡು ಅಂಕಿ, ಯಾವ ಕಡೆ ಹೋಯಿತು. ಸಂಜೆ ಹೊತ್ತಿಗೆ ಆ ಎರಡು ಅಂಕಿ ನನ್ನ ತಲೆಯಿಂದ ಪೂರ್ತಿ ಹೋಗಿಬಿಟ್ಟಿದ್ದವು. ರೆಕಾರ್ಡ್ ಇಲ್ಲದಿದ್ದರೆ ಅದೂ ಇರುತ್ತಿರಲಿಲ್ಲ.

ಆ ಹಿರಿಯರಿಗೆ ಸಾಕ್ಷಿ, ಕೋರ್ಟು ಅಂದರೆ ಭಯ. ಸಹಾಯಕ್ಕೆ ಬಂದವರನ್ನು ಹೆಸರು, ವಿಳಾಸ ಕೊಡಿ ಅಂತ ಯಾರೂ ಬಲವಂತ ಮಾಡುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 134ಎ ಕಲಂ ಅವರಿಗಾಗಿಯೇ ಇದೆ. ಅವತ್ತು ಅದು ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಆದರೂ 108 ಬರುವ ತನಕ ನನ್ನ ಜೊತೆಗೇ ಕೂತಿದ್ದು, ಹೊರಡುವ ಮುಂಚೆ ತಾವಾಗಿಯೇ ಫೋನ್ ನಂಬರ್ ಕೊಟ್ಟು ಹೋದರು.

ಎಡಗಡೆ ಕಾಲರ್ ಬೋನ್ ಮುರಿದಿತ್ತು. ಆಸ್ಪತ್ರೆಯಲ್ಲಿ "ಏನಾಯ್ತು?" ಅಂತ ಕೇಳಿದಾಗ "ಸೈಕಲ್‌ನಿಂದ ಬಿದ್ದೆ" ಅಂತ ಬಾಯಿಗೆ ಬಂದೇ ಬಿಟ್ಟಿತ್ತು. ದಯವಿಟ್ಟು ಹಾಗೆ ಹೇಳಬೇಡಿ. "ಕಾರು ಗುದ್ದಿ ಹೋಯಿತು" ಅನ್ನಿ, ಎಂಎಲ್‌ಸಿ, ಅಂದರೆ ಪೊಲೀಸರಿಗೂ ತಿಳಿಸುವ ಆಸ್ಪತ್ರೆ ದಾಖಲೆ, ಮಾಡಿಸಿ ಅನ್ನಿ. ಮುಂದೆ ವೂಂಡ್ ಸರ್ಟಿಫಿಕೇಟ್ (ಗಾಯದ ಪ್ರಮಾಣಪತ್ರ) ಬರುವುದು ಅದರ ಮೇಲೆಯೇ. ಅಪಘಾತವಾದವರಿಗೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನದ ತನಕ ಒಂದೂವರೆ ಲಕ್ಷ ರೂಪಾಯಿವರೆಗೆ ನಗದಿಲ್ಲದ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆ 2025ರ ಮೇ ತಿಂಗಳಿನಿಂದ ಇದೆ. ನಮಗೆ ತಿಳಿದಿದ್ದು ಬಿಲ್ ಕಟ್ಟಿದ ಮೇಲೆ. ದಾಖಲಾಗುವಾಗಲೇ ಕೇಳಿ.

ಸಂಜೆ ನನ್ನ ತಮ್ಮ ಪೊಲೀಸ್ ಠಾಣೆಗೆ ಹೋದ. "ಪೂರ್ತಿ ನಂಬರ್ ಇಲ್ಲದೆ ಯಾರ ಮೇಲೆ ಬರೆಯೋಣ? ಸಿಕ್ಕಿದರೆ ಬನ್ನಿ" ಅಂದು ಕಳಿಸಿದರು. ಅವನು ಸುಮ್ನೆ ವಾಪಸ್ ಬಂದ. ನಮಗೆ ಅದೇ ಸರಿ ಅನ್ನಿಸಿತ್ತು.

ಮಾರನೇ ದಿನ ಅವನು ಸೈಕಲ್ಲನ್ನು ಲಗೇಜ್ ಆಟೋದಲ್ಲಿ ಹಾಕಿಕೊಂಡು ಮನೆ ಹತ್ತಿರದ ಒಂದು ಅಂಗಡಿಗೆ ಹೋದ. ಅಲ್ಲಿ "ರಾಡ್ ಹಾಕಿ ಎಳೆದರೆ ಸರಿಹೋಗುತ್ತೆ, 600 ಕೊಡಿ, ಸಂಜೆಗೆ ರೆಡಿ" ಅಂದರಂತೆ. ನನಗೆ ಮನಸ್ಸು ಒಪ್ಪಲಿಲ್ಲ. ಕುವೆಂಪುನಗರಕ್ಕೇ ತಗೊಂಡು ಹೋಗು ಅಂದೆ, ಕೈಗೆ ಜೋಲಿ ಕಟ್ಟಿಕೊಂಡು ನಾನೂ ಹೋದೆ.

ಯಜಮಾನರು ಆಟೋ ಹತ್ತಿರ ಬಂದರು. ಸೈಕಲ್ ಇಳಿಸಲು ಹೋದ ಹುಡುಗನನ್ನು ತಡೆದರು. ನನ್ನ ಕೈ ನೋಡಿ, ಸೈಕಲ್ ನೋಡಿ, ಒಂದೇ ಪ್ರಶ್ನೆ ಕೇಳಿದರು.

"ಪೊಲೀಸ್ನೋರು ನೋಡಿದ್ದಾರಾ ಮೇಡಂ ಇದನ್ನ?"

ಇಲ್ಲ ಅಂದೆ.

"ಹಾಗಾದ್ರೆ ನಾನು ಮುಟ್ಟಲ್ಲ. ಒರೆಸಬೇಡಿ, ತೊಳೀಬೇಡಿ, ಚೈನ್ ಕೂಡ ಹಾಕಬೇಡಿ. ಹೊಡೆದೋನು ಏನು ಬಿಟ್ಟು ಹೋಗಿದ್ದಾನೋ ಅದೆಲ್ಲ ಇದರ ಮೈಮೇಲಿದೆ."

ಆಮೇಲೆ ತೋರಿಸಿದರು. ಹ್ಯಾಂಡಲ್ಲಿನ ಬಲ ತುದಿಯ ರಬ್ಬರಿನಲ್ಲಿ ಕಪ್ಪು ಪ್ಲಾಸ್ಟಿಕ್ ಉಜ್ಜಿದ ಗುರುತು. ಹಿಂದಿನ ಚಕ್ರದ ಹತ್ತಿರ, ಚೈನ್ ಹೋಗುವ ಕಡೆಯ ಕೊಳವೆಯ ಮೇಲೆ, ಅಡಿಕೆ ಹೋಳಿನಷ್ಟು ಜಾಗದಲ್ಲಿ ಬೆಳ್ಳಿ ಬಣ್ಣ ಮೆತ್ತಿತ್ತು. ನನ್ನ ಸೈಕಲ್ಲಿನದು ಕಡು ನೀಲಿ. ಹಿಂದಿನ ದಿನದಿಂದ ನಮ್ಮ ಮನೆಯಲ್ಲೇ ಇದ್ದ ಸೈಕಲ್, ನಾವು ಯಾರೂ ಅದನ್ನು ನೋಡಿರಲಿಲ್ಲ. ತಮ್ಮ ಅವತ್ತು ಬೆಳಗ್ಗೆ ಮಣ್ಣು ಜಾಸ್ತಿ ಇದೆ ಅಂತ ನೀರು ಹಾಕಲು ಹೊರಟಿದ್ದನಂತೆ. ಯಜಮಾನರು ಹತ್ತಿರದಿಂದ, ದೂರದಿಂದ, ಪಕ್ಕದಲ್ಲಿ ಸ್ಟೀಲ್ ಸ್ಕೇಲ್ ಇಟ್ಟು ಫೋಟೋ ತೆಗೆಸಿದರು. ಬಣ್ಣ ಇದ್ದ ಕಡೆ ಹಳೇ ಪೇಪರ್ ಸುತ್ತಿ ದಾರ ಕಟ್ಟಿದರು. ಸೈಕಲ್ಲನ್ನು ತಿರುಗಿಸಿ, ಪೆಡಲ್ ಅಚ್ಚು ಹೋಗುವ ಕೊಳವೆಯ ಅಡಿಯಲ್ಲಿ ಕೊರೆದಿರುವ ಫ್ರೇಮ್ ನಂಬರನ್ನೂ ಫೋಟೋ ಹಿಡಿಸಿದರು. ಆರು ವರ್ಷ ಓಡಿಸಿದ್ದೇನೆ, ಅಲ್ಲೊಂದು ನಂಬರ್ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ.

"ಅಲ್ಲಿ ನೆಲದ ಮೇಲೆ ಏನಾದ್ರೂ ಬಿದ್ದಿತ್ತಾ?" ಅಂತ ಕೇಳಿದರು. ಮನೆಗೆ ಬಂದು ನನ್ನ ಬ್ಯಾಗ್ ಸುರಿದೆ. ಆ ಹಿರಿಯರು ನನ್ನ ಸಾಮಾನು ಅಂದುಕೊಂಡು ಎತ್ತಿ ಹಾಕಿದ್ದ ಅಂಗೈಯಗಲದ ಕಪ್ಪು ಪ್ಲಾಸ್ಟಿಕ್ ಚೂರು ಸಿಕ್ಕಿತು. ಕಾರಿನ ಪಕ್ಕದ ಕನ್ನಡಿಯ ಕವರ್. ಒಳಗಡೆ ಸಣ್ಣ ಅಕ್ಷರ, ಅಂಕಿಗಳ ಅಚ್ಚು ಇತ್ತು.

ಇಷ್ಟೆಲ್ಲ ಇವರಿಗೆ ಹೇಗೆ ಗೊತ್ತು ಅಂತ ಕೇಳಿದೆ. ಹಿಂದೊಮ್ಮೆ ಅವರ ಗಿರಾಕಿ, ಹಾಲು ಹಾಕುವವರು, ಇದೇ ರೀತಿ ಗುದ್ದಿಸಿಕೊಂಡಿದ್ದರಂತೆ. ಮಾರನೇ ದಿನ ಹಾಲು ಹಾಕಬೇಕು ಅಂತ ಅರ್ಜೆಂಟಾಗಿ ಇವರೇ ಚಕ್ರ ಬದಲಾಯಿಸಿ, ಚೆನ್ನಾಗಿ ಒರೆಸಿ ಕೊಟ್ಟಿದ್ದರು. ಆಮೇಲೆ ಪೊಲೀಸರು ಬಂದಾಗ ತೋರಿಸಲು ಏನೂ ಉಳಿದಿರಲಿಲ್ಲ. ಅದನ್ನು ಹೇಳುವಾಗ ಅವರ ದನಿ ತಗ್ಗಿತು.

ಬುಧವಾರ ನಾನೇ ಠಾಣೆಗೆ ಹೋದೆ, ಬಿಳಿ ಹಾಳೆಯಲ್ಲಿ ದೂರು ಬರೆದುಕೊಂಡು. ಗುದ್ದಿದವರು ಯಾರು ಅಂತ ಗೊತ್ತಿಲ್ಲದಿದ್ದರೂ ದೂರು ಕೊಡಬಹುದು, "ಅಪರಿಚಿತ ಕಾರು" ಅಂತ ಬರೆದರೆ ಸಾಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಯಾವ ಠಾಣೆಯ ಸರಹದ್ದಿನಲ್ಲಿ ಆದದ್ದು ಎಂಬುದೂ ಅಡ್ಡಿಯಲ್ಲ, ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು. ಎರಡು ದಿನ ತಡ ಯಾಕಾಯಿತು ಅಂತ ದೂರಿನಲ್ಲೇ ಬರೆದೆ. ಈ ಸಲ ಡ್ಯೂಟಿಯಲ್ಲಿದ್ದ ಅಧಿಕಾರಿ ಪೂರ್ತಿ ಓದಿದರು, ರೆಕಾರ್ಡ್ ಕೇಳಿಸಿಕೊಂಡರು, ಫೋಟೋ ನೋಡಿದರು, ಎಫ್‌ಐಆರ್ ಮಾಡಿದರು. ಭಾರತೀಯ ನ್ಯಾಯ ಸಂಹಿತೆಯ 281 (ಅಜಾಗರೂಕ ಚಾಲನೆ) ಮತ್ತು 125 (ಬೇರೆಯವರ ಜೀವಕ್ಕೆ ಅಪಾಯ ತಂದದ್ದು), ಜೊತೆಗೆ ನಿಲ್ಲಿಸದೆ ಹೋಗಿದ್ದಕ್ಕೆ ಮೋಟಾರು ಕಾಯ್ದೆಯ 134 ಮತ್ತು 187. ಅವತ್ತೇ ಮಧ್ಯಾಹ್ನ ಅಂಗಡಿಗೆ ಬಂದು ಮಹಜರು ಮಾಡಿದರು, ಅಂದರೆ ಸಾಕ್ಷಿಗಳ ಮುಂದೆ ಸೈಕಲ್ ನೋಡಿ ಬರೆದುಕೊಂಡರು. ಪಂಚರಾಗಿ ಸಹಿ ಹಾಕಿದವರು ಯಜಮಾನರು ಮತ್ತು ಪಕ್ಕದ ಗಿರಣಿಯವರು, ಕೈಯೆಲ್ಲ ರಾಗಿ ಹಿಟ್ಟು ಇಟ್ಟುಕೊಂಡೇ. ಕನ್ನಡಿ ಚೂರನ್ನು ಕವರಿನಲ್ಲಿ ಹಾಕಿ ತಗೊಂಡು ಹೋದರು. ಅದರ ಒಳಗಿನ ಅಚ್ಚಿನಿಂದ ಕಾರು ಯಾವ ಕಂಪನಿಯದು ಅಂತ ತಿಳಿಯಿತು. ದಾರಿಯಲ್ಲಿದ್ದ ಒಂದು ಅಂಗಡಿಯ ಸಿಸಿಟಿವಿ ಮಾತ್ರ ಕೈತಪ್ಪಿತು. ಅದರಲ್ಲಿ ಎರಡು ದಿನದ್ದಷ್ಟೇ ಉಳಿಯುತ್ತಿತ್ತು. ಮೊದಲ ದಿನವೇ ಹೋಗಿ "ಸೋಮವಾರದ್ದು ಅಳಿಸಬೇಡಿ" ಅಂತ ಕೇಳಿಕೊಂಡಿದ್ದರೆ ಇರುತ್ತಿತ್ತೇನೋ. ಅದು ಇವತ್ತಿಗೂ ಕೊರೆಯುತ್ತದೆ.

ಮಹಜರು ಮುಗಿದ ಮೇಲೆ ಯಜಮಾನರು ರಿಪೇರಿಗೆ ಕೈ ಹಾಕಿದರು. ನಾನು ಒಂದು ಸ್ಟೂಲಿನ ಮೇಲೆ ಕೂತು ನೋಡಿದೆ. ಹಿಂದಿನ ಚಕ್ರ ಬಿಚ್ಚಿದರು. ಚಕ್ರ ಕೂರುವ ಒಂದು ಬದಿಯ ಕಚ್ಚಿಗೆ ನೈಲಾನ್ ದಾರ ಕಟ್ಟಿ, ಅದನ್ನು ಮುಂದೆ ಹ್ಯಾಂಡಲ್ ಕೊಳವೆ ಸುತ್ತಿಸಿ, ಇನ್ನೊಂದು ಬದಿಯ ಕಚ್ಚಿಗೆ ತಂದು ಬಿಗಿಯಾಗಿ ಕಟ್ಟಿದರು. ಈಗ ಸೀಟಿನ ಕೊಳವೆಯ ಎರಡೂ ಪಕ್ಕ ದಾರ ಹಾದುಹೋಗಿತ್ತು. ಸ್ಕೇಲ್ ಇಟ್ಟು ಅಳೆದರು. ಬಲಕ್ಕೆ 31 ಮಿಲಿಮೀಟರ್, ಎಡಕ್ಕೆ 37. ಎರಡೂ ಒಂದೇ ಇರಬೇಕು. ಒಂದೆರಡು ಮಿಲಿಮೀಟರ್ ಆದರೆ ಪರವಾಗಿಲ್ಲ, ಆರು ಅಂದರೆ ಹಿಂಭಾಗವೇ ತಿರುಚಿದೆ. ನಾನು ಇಪ್ಪತ್ತು ವರ್ಷದಿಂದ ಸಮಮಿತಿ ಪಾಠ ಮಾಡುತ್ತಿದ್ದೇನೆ. ಒಂದು ದಾರದಲ್ಲಿ ಅದನ್ನು ಇಷ್ಟು ಚೆನ್ನಾಗಿ ತೋರಿಸಿದವರನ್ನು ನಾನು ನೋಡಿಲ್ಲ.

"ಕಬ್ಬಿಣದ್ದಾಗಿದ್ರೆ ಎಳೆದು ಕೊಡ್ತಿದ್ದೆ. ಇದು ಅಲ್ಯೂಮಿನಿಯಂ. ಒಂದು ಸಲ ಬಗ್ಗಿದ್ದನ್ನ ವಾಪಸ್ ಎಳೆದ್ರೆ ಇವತ್ತು ನೆಟ್ಟಗೆ ಕಾಣುತ್ತೆ. ಯಾವತ್ತೋ ಇಳಿಜಾರಲ್ಲಿ ಸೀಳುತ್ತೆ," ಅಂದರು. 600 ರೂಪಾಯಿಗೆ ಸಂಜೆಗೆ ಕೊಡುತ್ತೇವೆ ಅಂದಿದ್ದು ಇದನ್ನೇ ಅಲ್ವಾ. ಚಾಮುಂಡಿ ಬೆಟ್ಟ ಇಳಿಯುವ ಸೈಕಲ್ ಅದು.

ಹೆಲ್ಮೆಟ್ ಕೂಡ ತರಿಸಿದರು. ಹೊರಗಿನಿಂದ ಒಂದು ಗೀಚು ಅಷ್ಟೆ. ಒಳಗಿನ ಬಟ್ಟೆ ಕಿತ್ತು ಟಾರ್ಚ್ ಬಿಟ್ಟರು. ಬಿಳಿ ಥರ್ಮೋಕೋಲಿನಂಥ ಪದರದಲ್ಲಿ, ಎಡ ಕಿವಿಯ ಮೇಲೆ, ಕೂದಲೆಳೆಯ ಬಿರುಕು. ಆ ಪದರ ಒಂದೇ ಏಟಿಗೆ. ಆಮೇಲೆ ಹೆಲ್ಮೆಟ್ ಬದಲಾಯಿಸಲೇಬೇಕು. ಹೊಸದು ತಗೊಳ್ಳುವಾಗ ಒಳಗೆ ಇಎನ್ 1078 (ಸೈಕಲ್ ಹೆಲ್ಮೆಟ್ಟಿನ ಯುರೋಪಿಯನ್ ಮಾನದಂಡ) ಅಂತ ಗುರುತು ಇದೆಯಾ ನೋಡಿಕೊಳ್ಳಿ ಅಂದರು. ತಮ್ಮ ಹತ್ತಿರ ಹೆಲ್ಮೆಟ್ ಇಲ್ಲ, ಬೇರೆ ಕಡೆ ತಗೊಳ್ಳಿ ಅಂತಲೂ ಹೇಳಿದರು.

ಎಸ್ಟಿಮೇಟ್ ಬರೆದುಕೊಟ್ಟ ರೀತಿ ನನಗೆ ತುಂಬಾ ಇಷ್ಟವಾಯಿತು. ತಾರೀಕು, ಫ್ರೇಮ್ ನಂಬರ್, ಎಫ್‌ಐಆರ್ ನಂಬರ್ ಮೇಲೆ. ಕೆಳಗೆ ಒಂದೊಂದೂ ಬೇರೆ ಬೇರೆ: ಉಕ್ಕಿನ ಫ್ರೇಮ್ 9,500, ಹಿಂದಿನ ಚಕ್ರ 2,600, ಪೆಡಲ್ 450, ಕೇಬಲ್ ಮತ್ತು ಬ್ರೇಕ್ ರಬ್ಬರ್ 350, ಕೂಲಿ 1,200. ಒಟ್ಟು 14,100. "ಅಪಘಾತದಿಂದ ಆದದ್ದು" ಅಂತ ಬರೆದು ಸಹಿ, ಸೀಲು. ಚೈನ್ ಮೊದಲೇ ಸವೆದಿತ್ತು, ಅದನ್ನು ಇದರಲ್ಲಿ ಸೇರಿಸಲ್ಲ ಅಂದರು. ಕಾರು ಸಿಕ್ಕಿದರೆ ಮೋಟಾರು ಅಪಘಾತ ಪರಿಹಾರದ ಟ್ರಿಬ್ಯೂನಲ್‌ನಲ್ಲಿ ಮೈಗಾದ ನೋವಿನ ಜೊತೆ ವಸ್ತುವಿನ ನಷ್ಟವನ್ನೂ ಕೇಳಬಹುದು, ಆಗ ಈ ಕಾಗದ ಬೇಕು. ಕಾಯ್ದೆಯಲ್ಲಿ ಅದಕ್ಕೆ ಆರು ತಿಂಗಳ ಗಡುವು ಬರೆದಿದ್ದಾರೆ.

ಕಾರು ಇನ್ನೂ ಸಿಕ್ಕಿಲ್ಲ. ಸಿಗದಿದ್ದವರಿಗೂ ಒಂದು ದಾರಿ ಇದೆ, ಅದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಗುದ್ದಿ ಓಡಿಹೋದ ಪ್ರಕರಣಗಳಿಗೆ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಪರಿಹಾರ ಯೋಜನೆ: ಸತ್ತರೆ ಕುಟುಂಬಕ್ಕೆ 2 ಲಕ್ಷ, ತೀವ್ರ ಗಾಯವಾದರೆ 50,000 ರೂಪಾಯಿ. ಮೂಳೆ ಮುರಿದರೆ ಕಾನೂನಿನಲ್ಲಿ ಅದು ತೀವ್ರ ಗಾಯವೇ. ಅರ್ಜಿ ಕೊಡಬೇಕಾದ್ದು ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರ ಕಡೆ. ಎಫ್‌ಐಆರ್, ಆಸ್ಪತ್ರೆ ಬಿಲ್ಲು, ಗುರುತಿನ ಚೀಟಿ, ಬ್ಯಾಂಕ್ ಪಾಸ್‌ಬುಕ್ ಪ್ರತಿ ಜೊತೆಗಿರಬೇಕು. ಒಂದು ತಿಂಗಳಲ್ಲಿ ವಾಹನ ಪತ್ತೆಯಾಗದಿದ್ದರೆ ಈ ಯೋಜನೆಯ ಬಗ್ಗೆ ಪೊಲೀಸರೇ ಗಾಯಾಳುವಿಗೆ ಬರವಣಿಗೆಯಲ್ಲಿ ತಿಳಿಸಬೇಕು ಅಂತ 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಾನು ಕಾಯಲಿಲ್ಲ, ಆ ಪತ್ರವನ್ನು ನಾನೇ ಕೇಳಿ ಪಡೆದೆ. ಅರ್ಜಿ ಕೊಟ್ಟಿದ್ದೇನೆ, ದುಡ್ಡು ಇನ್ನೂ ಬಂದಿಲ್ಲ. ಅದು ಮೈಗಾದ ಗಾಯಕ್ಕೆ ಮಾತ್ರ, ಸೈಕಲ್ಲಿಗಲ್ಲ.

ಅಂಗಡಿಯ ಕೊರತೆಗಳನ್ನೂ ಹೇಳಬೇಕು. ನಿಧಾನ. ನಾಲ್ಕು ದಿನ ಅಂದವರು ಹನ್ನೊಂದು ದಿನ ತಗೊಂಡರು, ಫ್ರೇಮ್ ಬರುವುದು ತಡವಾಯಿತು. ಫೋನ್ ಎತ್ತುವುದು ಕಡಿಮೆ. ಮಂಗಳವಾರ ಮಧ್ಯಾಹ್ನ ಬಾಗಿಲು ಹಾಕಿರುತ್ತಾರೆ. ಕಾರ್ಬನ್ ಫ್ರೇಮಿನ ದುಬಾರಿ ಸೈಕಲ್ ಇದ್ದವರು ಬೇರೆ ಕಡೆ ಹೋಗುವುದು ಒಳ್ಳೆಯದು, ಅದು ತಮ್ಮ ಕೆಲಸವಲ್ಲ ಅಂತ ಅವರೇ ಹೇಳುತ್ತಾರೆ. ಹೊಸ ಫ್ರೇಮ್ ಹಳೆಯದಕ್ಕಿಂತ ಭಾರ, ಏರಿನಲ್ಲಿ ಗೊತ್ತಾಗುತ್ತದೆ. ಹಿಂದಿನ ಹೊಸ ಚಕ್ರವನ್ನು ಮಾತ್ರ ಕಡ್ಡಿ ಕಡ್ಡಿ ಎಳೆದು ಹೇಗೆ ನೆಟ್ಟಗೆ ಕೂರಿಸಿದ್ದಾರೆ ಅಂದರೆ, ತಿರುಗಿಸಿದರೆ ಬ್ರೇಕ್ ರಬ್ಬರಿಗೂ ರಿಮ್ಮಿಗೂ ಇರುವ ಸಂದು ಅಲ್ಲಾಡುವುದೇ ಇಲ್ಲ.

ಮಾರ್ಚ್‌ನಲ್ಲಿ ಡಾಕ್ಟರು ಸರಿ ಅಂದ ಮೇಲೆ ಸೈಕಲ್ ತರಲು ಹೋದೆ. ದುಡ್ಡು ಕೊಟ್ಟು, ಹಳೇ ಫ್ರೇಮನ್ನು ಗುಜರಿಗೆ ಹಾಕಿಬಿಡಿ ಅಂದೆ. ಯಜಮಾನರು ಮೇಲೆ ಕೈ ತೋರಿಸಿದರು. ಟ್ಯೂಬುಗಳ ಸಾಲಿನ ಹಿಂದೆ, ಮೊಳೆಗೆ ನೇತುಹಾಕಿದ್ದರು. ಹಳೇ ಪೇಪರ್ ಸುತ್ತಿದ್ದು ಹಾಗೇ ಇತ್ತು. ರಟ್ಟಿನ ಚೂರೊಂದರ ಮೇಲೆ ನನ್ನ ಎಫ್‌ಐಆರ್ ನಂಬರ್ ಬರೆದು ದಾರದಲ್ಲಿ ಕಟ್ಟಿದ್ದರು.

"ಕೇಸ್ ಮುಗಿಯೋ ತನಕ ಅಲ್ಲೇ ಇರಲಿ ಮೇಡಂ," ಅಂದರು.