ಪವರ್ ಬಿಐ ಹಾಕಿಸುವವರೇ, ಗೇಟ್‌ವೇ ಯಾರ ಹೆಸರಲ್ಲಿದೆ ಕೇಳಿಕೊಳ್ಳಿ

ಲೆಕ್ಕಗಳನ್ನು ಗ್ರಾಫ್ ಮಾಡಿ ತೋರಿಸುವ ಮೈಕ್ರೋಸಾಫ್ಟ್ ಸಾಫ್ಟ್‌ವೇರ್ ಪವರ್ ಬಿಐ. ಅದರಲ್ಲಿ ರಿಪೋರ್ಟ್ ಮಾಡಿಸುವಾಗ ಎಲ್ಲರೂ ಗ್ರಾಫಿನ ಬಣ್ಣ ನೋಡುತ್ತಾರೆ. ಡೇಟಾ ಎಲ್ಲಿಂದ, ಯಾರ ಖಾತೆಯಿಂದ ಬರುತ್ತದೆ ಎಂದು ಯಾರೂ ಕೇಳುವುದಿಲ್ಲ. ನೀವು ಕೇಳಿ.

ನಾನು ಬೈಕಂಪಾಡಿಯ ಒಂದು ಗೇರುಬೀಜ ಕಾರ್ಖಾನೆಯಲ್ಲಿ ಅಕೌಂಟ್ಸ್ ನೋಡುತ್ತೇನೆ. ನಮ್ಮ ಸ್ಟಾಕಿನ ಲೆಕ್ಕ ಆಫೀಸಿನ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ, ಅಂದರೆ ಆಫೀಸಿನೊಳಗಿನ ಡೇಟಾಬೇಸ್‌ನಲ್ಲಿದೆ. ಆರ್ಡರ್‌ಗಳ ಎಕ್ಸೆಲ್ ಶೇರ್‌ಪಾಯಿಂಟ್‌ನಲ್ಲಿ, ಅಂದರೆ ಕ್ಲೌಡ್‌ನಲ್ಲಿದೆ. ಎರಡನ್ನೂ ಸೇರಿಸಿ, ಮಾರಲು ಎಷ್ಟು ಸರಕು ಉಳಿದಿದೆ ಎಂದು ತೋರಿಸುವ ರಿಪೋರ್ಟ್ ಬೇಕಿತ್ತು. ಹೊರಗಿನ ಒಂದು ಕಂಪನಿಗೆ ಕೆಲಸ ಕೊಟ್ಟೆವು. ಮಾಡಿಕೊಟ್ಟರು. ನೋಡಲು ಚೆಂದವೇ ಇತ್ತು.

ಆಫೀಸಿನೊಳಗಿನ ಸರ್ವರ್‌ನಿಂದ ಪವರ್ ಬಿಐಗೆ ಡೇಟಾ ಹೋಗಬೇಕಾದರೆ ನಡುವೆ ಗೇಟ್‌ವೇ ಎಂಬ ಸಾಫ್ಟ್‌ವೇರ್ ಬೇಕು. ಅದರಲ್ಲಿ ಸ್ಟ್ಯಾಂಡರ್ಡ್, ಪರ್ಸನಲ್ ಎಂದು ಎರಡು ಬಗೆ. ಪರ್ಸನಲ್ ಒಬ್ಬರ ಖಾತೆಗೆ ಮಾತ್ರ. ನಮಗೆ ಹಾಕಿದ್ದು ಅದನ್ನೇ. ಅದೂ ನಮ್ಮ ಸೆಕ್ಷನ್ನಿನ ಒಂದು ಡೆಸ್ಕ್‌ಟಾಪಿನಲ್ಲಿ, ಅವರ ಹುಡುಗನ ಖಾತೆಯಲ್ಲಿ.

ಶೇರ್‌ಪಾಯಿಂಟ್ ಫೈಲಿಗೆ ಗೇಟ್‌ವೇ ಬೇಡ. ಆದರೆ ಅದನ್ನೂ ಆಫೀಸಿನ ಸರ್ವರನ್ನೂ ಒಂದೇ ಕ್ವೆರಿಯಲ್ಲಿ ಕೂಡಿಸಿದರೆ ಎರಡೂ ಗೇಟ್‌ವೇ ಮೂಲಕವೇ ಬರಬೇಕು. ಸ್ಟ್ಯಾಂಡರ್ಡ್ ಗೇಟ್‌ವೇಯಲ್ಲಿ ಅದಕ್ಕೆಂದೇ ಒಂದು ಸೆಟ್ಟಿಂಗ್ ಇದೆ. ಇವರು ಆ ಗೋಜಿಗೇ ಹೋಗಲಿಲ್ಲ. ಎಕ್ಸೆಲ್ ಡೌನ್‌ಲೋಡ್ ಮಾಡಿ, ಅದೇ ಡೆಸ್ಕ್‌ಟಾಪಿನ ಡಿ ಡ್ರೈವಿನಲ್ಲಿಟ್ಟು ಲಿಂಕ್ ಕೊಟ್ಟುಬಿಟ್ಟರು. ರಿಫ್ರೆಶ್, ಅಂದರೆ ರಿಪೋರ್ಟಿಗೆ ಡೇಟಾ ಮತ್ತೆ ಎಳೆದು ತರುವ ಕೆಲಸ, ದಿನಾ ಯಶಸ್ವಿ ಎಂದೇ ಬರುತ್ತಿತ್ತು. ಬರದೆ ಇನ್ನೇನು? ಹಳೇ ಫೈಲನ್ನೇ ಮತ್ತೆ ಮತ್ತೆ ಓದುತ್ತಿತ್ತು.

ಹೀಗಾಗಿ ಆಗಲೇ ಮಾರಿದ್ದ ಡಬ್ಲ್ಯೂ 320 ಗ್ರೇಡಿನ ಗೇರುಬೀಜ ರಿಪೋರ್ಟಿನಲ್ಲಿ ಇನ್ನೂ ಮಾರಾಟಕ್ಕಿತ್ತು. ಧಣಿಗಳು ಅದನ್ನು ನಂಬಿ ಮುಂಬೈಯ ವ್ಯಾಪಾರಿಗೆ ಮಾತು ಕೊಟ್ಟರು. “ರಿಪೋರ್ಟಿನಲ್ಲಿ ಉಂಟಲ್ಲ ಮಾರಾಯ್ರೆ, ಗೋದಾಮಿನಲ್ಲಿ ಯಾಕಿಲ್ಲ?” ಎಂದು ನನ್ನನ್ನು ಕೇಳಿದರು. ಕೊನೆಗೆ ಬೇರೆ ಕಾರ್ಖಾನೆಯಿಂದ ಜಾಸ್ತಿ ರೇಟಿಗೆ ತಂದು ಕೊಡಬೇಕಾಯಿತು.

ಫೈಲನ್ನೇನೋ ಸರಿ ಮಾಡಿಸಿದೆವು. ಅಷ್ಟರಲ್ಲಿ ಮೇ ತಿಂಗಳ ಗುಡುಗು ಮಳೆ. ಗುಡುಗಿದರೆ ನಮ್ಮ ಕಡೆ ಮೊದಲ ಕೆಲಸ ಪ್ಲಗ್ ಕೀಳುವುದು, ಅಲ್ವಾ? ಡೆಸ್ಕ್‌ಟಾಪ್ ಬಂದ್ ಆದರೆ ಗೇಟ್‌ವೇಯೂ ಬಂದ್. ಸತತ 4 ಸಲ ರಿಫ್ರೆಶ್ ತಪ್ಪಿದರೆ ಪವರ್ ಬಿಐ ಆ ಶೆಡ್ಯೂಲನ್ನೇ ನಿಲ್ಲಿಸುತ್ತದೆ. ಮತ್ತೆ ನಾವೇ ಶುರು ಮಾಡಬೇಕು. ತಪ್ಪಿದೆ ಎಂಬ ಮೇಲ್ ಹೋಗುತ್ತಿದ್ದದ್ದು ಆ ಹುಡುಗನಿಗೆ. ಅವನು ಆ ಕಂಪನಿ ಬಿಟ್ಟಾಗಿತ್ತು. ರಿಪೋರ್ಟ್ ಮಾತ್ರ ಹಳೇ ಅಂಕಿಗಳನ್ನು ತೋರಿಸುತ್ತಾ ಸುಮ್ನೆ ಕೂತಿತ್ತು. ಫೋನ್ ಮಾಡಿದರೆ, “ಅದು ಗುತ್ತಿಗೆಯಲ್ಲಿ ಬರುವುದಿಲ್ಲ ಸರ್” ಎಂಬ ಉತ್ತರ.

ಬಾಕಿ ದುಡ್ಡು ಕೊಡುವ ಮೊದಲೇ ಎಲ್ಲ ನೋಡಿಕೊಳ್ಳಿ. ಗೇಟ್‌ವೇ ಸ್ಟ್ಯಾಂಡರ್ಡ್ ಇರಲಿ, ಯಾವಾಗಲೂ ಆನ್ ಇರುವ ಯುಪಿಎಸ್ ಇರುವ ಮೆಷಿನ್ನಿನಲ್ಲಿರಲಿ, ನಿಮ್ಮವರೇ ಇಬ್ಬರು ಅದಕ್ಕೆ ಅಡ್ಮಿನ್ ಆಗಿರಲಿ. ಹಾಕುವಾಗ ಅವರು ಇಟ್ಟ ರಿಕವರಿ ಕೀ, ಅಂದರೆ ಪಾಸ್‌ವರ್ಡ್‌ನಂಥದ್ದು, ಬರೆದು ತೆಗೆದುಕೊಳ್ಳಿ. ಅದಿಲ್ಲದೆ ಗೇಟ್‌ವೇಯನ್ನು ಬೇರೆ ಮೆಷಿನ್ನಿಗೆ ಸಾಗಿಸಲಾಗದು, ಹೊಸದಾಗಿಯೇ ಹಾಕಬೇಕು. ಡೇಟಾ ಸೋರ್ಸ್ ಪಟ್ಟಿಯಲ್ಲಿ ಸಿ, ಡಿ ಡ್ರೈವ್ ಕಂಡರೆ ಅಲ್ಲೇ ನಿಲ್ಲಿಸಿ ವಿಚಾರಿಸಿ. ಫೈರ್‌ವಾಲ್‌ನಲ್ಲಿ ಒಳಬರುವ ಪೋರ್ಟ್ ತೆರೆಯಿರಿ ಎಂದರೆ ಒಪ್ಪಬೇಡಿ, ಗೇಟ್‌ವೇಗೆ ಹೊರಹೋಗುವ ಸಂಪರ್ಕ ಸಾಕು.

ಇನ್ನೊಂದು. ರಿಪೋರ್ಟಿನ ಮೇಲೆ ಕೊನೆಯ ಆರ್ಡರಿನ ತಾರೀಕು ಹಾಕಿಸಿಕೊಳ್ಳಿ. ಕೊನೆಯ ರಿಫ್ರೆಶ್ ಸಮಯ ಸಾಲದು. ಡಿ ಡ್ರೈವಿನ ಫೈಲ್ ಓದುತ್ತಿದ್ದಾಗಲೂ ನಮ್ಮಲ್ಲಿ ಆ ಸಮಯ ದಿನಾ ಹೊಸದೇ ಇತ್ತು.